ಮೂಲೆಗಾಲು ಬಿಗಿಯಾದರೆ ಬ್ರಷ್ ಮೊದಲು, ಗ್ರೀಸ್ ಆಮೇಲೆ

ಕ್ಯಾರವಾನ್, ಫುಡ್ ಟ್ರೇಲರ್‌ಗಳ ನಾಲ್ಕು ಮೂಲೆಯಲ್ಲಿ ತಿರುಗಿಸಿ ಇಳಿಸುವ ಕಾಲುಗಳನ್ನು ಹೆಚ್ಚಿನವರು ಜ್ಯಾಕ್ ಅಂದುಬಿಡುತ್ತಾರೆ. ಅರ್ಧ ತೊಂದರೆ ಆ ಹೆಸರಿನಲ್ಲೇ ಇದೆ. ಅವು ಗಾಡಿ ಎತ್ತುವುದಕ್ಕಲ್ಲ, ಅಲುಗಾಡದಂತೆ ಹಿಡಿಯುವುದಕ್ಕೆ ಮಾತ್ರ. ಗಾಡಿಯ ಭಾರ ಚಕ್ರದ ಮೇಲೂ ಮುಂದೆ ಮೂತಿಗೆ ಆಸರೆಯಾಗುವ ಪುಟ್ಟ ಚಕ್ರ, ಅಂದರೆ ಜಾಕಿ ವೀಲ್ ಮೇಲೂ ಇರಬೇಕು. ಕಾಲಿನಿಂದಲೇ ಗಾಡಿ ಎತ್ತಿ ಮಟ್ಟ ಮಾಡಲು ಹೋದರೆ ಸ್ಕ್ರೂ ಬಾಗುತ್ತದೆ. ಬಾಗಿದ ಸ್ಕ್ರೂ ಯಾವ ಎಣ್ಣೆಗೂ ಬಗ್ಗುವುದಿಲ್ಲ.

ಗೋವಾದಲ್ಲಿ ಈ ಕಾಲುಗಳಿಗೆ ಎರಡು ಶತ್ರು: ಕಡಲ ಉಪ್ಪುಗಾಳಿ ಮತ್ತು ಕೆಂಪು ಕಲ್ಲಿನ ಧೂಳು. ಧೂಳು ಹೆಚ್ಚು ಕೆಟ್ಟದ್ದು. ಕಾಲು ಬಿಗಿಯಾದ ಕೂಡಲೇ "ಅಣ್ಣಾ, ಗ್ರೀಸ್ ಬಡೀಲೇನ್ರಿ?" ಅನ್ನುವ ಪ್ರಶ್ನೆ ಬರುತ್ತದೆ. ಹಳೆ ಕೊಳೆಯ ಮೇಲೆ ಗ್ರೀಸ್ ಬಡಿದರೆ ಎರಡು ದಿನ ಹಗುರ ತಿರುಗುತ್ತದೆ, ಆಮೇಲೆ ಧೂಳು ಅದಕ್ಕೇ ಅಂಟಿ ಲೋಹ ಸವೆಸುವ, ವಾಲ್ವ್ ಅರೆಯುವ ಪೇಸ್ಟಿನ ಹಾಗಾಗುತ್ತದೆ. ಹೀಗೆ ನಟ್ ಒಳಗಿನ ಥ್ರೆಡ್ ತಿಂದುಹೋಗುತ್ತದೆ.

ಮೊದಲು ಎಲ್ಲಿ ಹಿಡಿಯುತ್ತಿದೆ ಅಂತ ನೋಡಿ. ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಜಾಕಿ ವೀಲ್ ಇಳಿಸಿ, ಒಳಗೆ ಯಾರೂ ಇಲ್ಲದಾಗ ಒಂದು ಕಾಲನ್ನು ಮಾತ್ರ ನೆಲದಿಂದ ಬಿಡಿಸಿ. ನಾಲ್ಕನ್ನೂ ಒಟ್ಟಿಗೆ ಎತ್ತಬೇಡಿ. ಒಂದೇ ಆಕ್ಸಲ್‌ನ ಗಾಡಿಯ ಹಿಂಬದಿಗೆ ಭಾರ ಬಿದ್ದರೆ ಮೂತಿ ಮೇಲೇಳುತ್ತದೆ. ಕಾಲನ್ನು ಗಾಳಿಯಲ್ಲೇ ಪೂರ್ತಿ ಇಳಿಸಿ, ಮತ್ತೆ ಏರಿಸಿ. ಉದ್ದಕ್ಕೂ ಒಂದೇ ಸಮ ಬಿಗಿಯಿದ್ದರೆ ಥ್ರೆಡ್ಡಿನಲ್ಲಿ ಕೊಳೆ ಅಥವಾ ತುಕ್ಕು. ಪ್ರತಿ ಸುತ್ತಿನಲ್ಲೂ ಒಂದೇ ಜಾಗದಲ್ಲಿ ಬಿಗಿಯಾಗಿ ಮತ್ತೆ ಸಡಿಲವಾದರೆ ಸ್ಕ್ರೂ ಬಾಗಿದೆ, ಬದಲಿಸುವುದೇ ದಾರಿ. ಗಾಳಿಯಲ್ಲಿ ಹಗುರ, ನೆಲ ಮುಟ್ಟಿದ ಮೇಲೆ ಬಿಗಿ ಅಂದರೆ ಕಾಲಿನ ಮೇಲೆ ಭಾರ ಹೆಚ್ಚಾಗಿದೆ, ಇಲ್ಲವೇ ಸ್ಕ್ರೂ ತಿರುಗಿಸುವ ಆರುಮೂಲೆಯ ಹೆಕ್ಸ್ ತಲೆಯ ಹಿಂದಿನ ವಾಷರ್ ಒಣಗಿದೆ. ಎಲ್ಲರೂ ಮರೆಯುವ ಜಾಗ ಅದು.

ಕಾಲು ಪೂರ್ತಿ ಇಳಿಸಿದರೆ ಥ್ರೆಡ್ಡಿನ ಹೆಚ್ಚಿನ ಭಾಗ ಕಾಣುತ್ತದೆ. ಹಳೆ ಗ್ರೀಸನ್ನು ಸೀಮೆಎಣ್ಣೆಯಲ್ಲಿ ಅದ್ದಿದ ಬ್ರಷ್‌ನಿಂದ ತೆಗೆಯಿರಿ, ನಟ್ ಬದಿಗೆ ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ತುಕ್ಕಿಗೆ ಹಿತ್ತಾಳೆ ತಂತಿಯ ಬ್ರಷ್, ಅದೂ ಕೈಯಲ್ಲೇ. ಗ್ರೈಂಡರಿಗೆ ವೈರ್ ವೀಲ್ ಹಾಕಿ ಉಜ್ಜಿದರೆ ಫಳಫಳ ಹೊಳೆಯುತ್ತದೆ ನಿಜ, ಆದರೆ ಸತುವಿನ ಲೇಪವೂ ಹೋಗಿ ಮುಂದಿನ ಮಳೆಗಾಲಕ್ಕೆ ಮೊದಲಿಗಿಂತ ದಪ್ಪ ತುಕ್ಕು ಹಿಡಿಯುತ್ತದೆ.

ಆಮೇಲೆ ತುಕ್ಕು ಬಿಡಿಸುವ ಎಣ್ಣೆ. ನಟ್‌ನ ಎರಡೂ ಬದಿ, ಕಾಲು ಮಡಚುವ ಪಿವಟ್ ಪಿನ್‌ಗಳು, ಪಾದ ಅಲ್ಲಾಡುವ ಜಾಗ, ಹೆಕ್ಸ್ ಹಿಂದಿನ ವಾಷರ್, ಎಲ್ಲಕ್ಕೂ ಬಿಟ್ಟು ಅರ್ಧ ಗಂಟೆ ಕಾಯಿರಿ. ಪೂರ್ತಿ ಕಚ್ಚಿಕೊಂಡಿದ್ದರೆ ಒಂದು ರಾತ್ರಿ. ಬಿಡಿಸುವಾಗ ಬ್ರೇಸಿನಿಂದ (ಸ್ಕ್ರೂ ತಿರುಗಿಸುವ ಹಿಡಿಕೆ) ಕಾಲುಭಾಗ ಸುತ್ತು ಮುಂದೆ, ಕಾಲುಭಾಗ ಸುತ್ತು ಹಿಂದೆ. ಹಲವು ಕಾಲುಗಳಿಗೆ 19 ಮಿಮೀ ಸಾಕೆಟ್ ಹೊಂದುತ್ತದೆ. ಹೊರಬರುವ ಕೆಂಪು ರಸವನ್ನು ಒರೆಸುತ್ತಾ ಹೋಗಿ, ಬಟ್ಟೆಗೆ ಕೆಂಪು ಅಂಟುವುದು ನಿಲ್ಲುವವರೆಗೆ ಕೆಲಸ ಮುಗಿದಿಲ್ಲ. ಇಂಪ್ಯಾಕ್ಟ್ ಗನ್ ಮುಟ್ಟಬೇಡಿ. ಕೊನೆಗೆ ಬಂದದ್ದು ಅದಕ್ಕೆ ತಿಳಿಯುವುದಿಲ್ಲ, ನಟ್ ಒಡೆದೋ ಬ್ರಾಕೆಟ್ ತಿರುಚಿಯೋ ನಿಲ್ಲುತ್ತದೆ. ಗ್ಯಾಸ್ ಟಾರ್ಚಂತೂ ಬೇಡವೇ ಬೇಡ: ಮೇಲೆ ಪ್ಲೈ ಮತ್ತು ಫೋಮಿನ ನೆಲ, ಪಕ್ಕದಲ್ಲೇ ಎಲ್‌ಪಿಜಿ ಪೈಪು ಹೋಗಿರಬಹುದು.

ಈಗ ಥ್ರೆಡ್ಡಿನ ತಲೆ ನೋಡಿ. ಈ ಸ್ಕ್ರೂಗಳ ಹಲ್ಲು ಸಾಮಾನ್ಯವಾಗಿ ಚಪ್ಪಟೆ ತುದಿಯದು. ಕೈಗೆ ಚಾಕುವಿನ ಅಂಚಿನ ಹಾಗೆ ತಾಗಿದರೆ ಸವೆದಿದೆ. ಕಾಲನ್ನು ಕೈಯಲ್ಲಿ ಹಿಡಿದು ಜಗ್ಗಿದಾಗ ನಟ್ ಸ್ಕ್ರೂ ಮೇಲೆ ಲಟಲಟ ಆಡಿದರೂ ಅಷ್ಟೇ. ಅಂಥದ್ದನ್ನು ನಂಬಬೇಡಿ.

ಎಣ್ಣೆಯನ್ನೆಲ್ಲ ಒರೆಸಿದ ಮೇಲೇ ಜಾರಿಕೆ (ಲೂಬ್ರಿಕೆಂಟ್) ಹಚ್ಚುವುದು. ಬಿಡಿಸುವ ಎಣ್ಣೆಯನ್ನೇ ಜಾರಿಕೆ ಅಂತ ಬಿಟ್ಟರೆ ಬಹಳ ದಿನ ನಿಲ್ಲುವುದಿಲ್ಲ. ಮರಳು, ಧೂಳಿನಲ್ಲಿ ಓಡುವ ಗಾಡಿಯ ಥ್ರೆಡ್ಡಿಗೆ ಒಣಗುವ ಪಿಟಿಎಫ್‌ಇ (ಟೆಫ್ಲಾನ್) ಸ್ಪ್ರೇ ಒಳ್ಳೆಯದು. ಒಂದೇ ಕಡೆ ನಿಲ್ಲುವ ಗಾಡಿಗೆ ಲಿಥಿಯಂ ಗ್ರೀಸ್ ಆದೀತು, ಒಂದು ಕಾಲಿಗೆ ಕಡಲೆಕಾಳಿನಷ್ಟು. ಉದ್ದಕ್ಕೂ ಸವರಿ, ಮೂರು ಸಲ ಏರಿಸಿ ಇಳಿಸಿ, ನಟ್‌ನ ಎರಡೂ ಬದಿ ಗುಡ್ಡೆಯಾದದ್ದನ್ನು ಒರೆಸಿಬಿಡಿ. ಹಲ್ಲಿನ ಸಂದು ಕಣ್ಣಿಗೆ ಕಾಣುತ್ತಿರಬೇಕು. ಪಿವಟ್‌ಗಳಿಗೆ ಒಂದೆರಡು ಹನಿ ಎಂಜಿನ್ ಎಣ್ಣೆ ಸಾಕು.

ಬೀಚ್ ಬದಿಯಿಂದ ಬಂದ ಗಾಡಿಗೆ ಸಿಹಿನೀರು ಹೊಯ್ದು ತೊಳೆಯಿರಿ, ಪ್ರೆಶರ್ ವಾಷರ್ ಬೇಡ, ಮರಳನ್ನು ಇನ್ನೂ ಒಳಗೆ ನೂಕುತ್ತದೆ. ಒಣಗಿದ ಮೇಲೆ ಮತ್ತೊಮ್ಮೆ ಜಾರಿಕೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಂತಲ್ಲೇ ನಿಲ್ಲುವ ಗಾಡಿಯಾದರೆ ಪಾದದ ಕೆಳಗೆ 18 ಮಿಮೀ ಪ್ಲೈ ತುಂಡು, ಒಂದಡಿ ಚೌಕದ್ದು, ಇಡಿ, ಕೆಸರಲ್ಲಿ ಹೂತುಹೋಗುವುದು ತಪ್ಪುತ್ತದೆ. ತಿಂಗಳಿಗೊಮ್ಮೆ ಒಂದೊಂದೇ ಕಾಲನ್ನು ನಾಲ್ಕೈದು ಸುತ್ತು ಆಡಿಸಿ, ಮತ್ತೆ ಇದ್ದಲ್ಲಿಗೇ ತಂದು ನಿಲ್ಲಿಸಿ.