ವಂಶವಾಹಿಯ ಮಾತು ಎಲ್ಲಿ ನಡೆಯುತ್ತದೆ, ಊಟದ ಮಾತು ಎಲ್ಲಿ

"ಮನೆತನದಲ್ಲೇ ಸಕ್ಕರೆ ಕಾಯಿಲೆ ಇದೆ, ಪಥ್ಯ ಮಾಡಿ ಏನುಪಯೋಗ" ಎನ್ನುವವರಿದ್ದಾರೆ. "ಸರಿಯಾಗಿ ಉಂಡರೆ ಯಾವ ಕಾಯಿಲೆಯೂ ಹತ್ತಿರ ಸುಳಿಯದು" ಎನ್ನುವವರೂ ಇದ್ದಾರೆ. ಇಬ್ಬರ ತಪ್ಪೂ ಒಂದೇ: ಕಾಯಿಲೆಗಳನ್ನೆಲ್ಲ ಒಂದೇ ರಾಶಿಗೆ ಸುರಿಯುವುದು. ಒಂದು ಜೀನ್ ಕೆಟ್ಟಾಗ ಊಟವೇ ಔಷಧಿಯಾಗುವ ಕಾಯಿಲೆಗಳಿವೆ. ಎಷ್ಟು ಪಥ್ಯ ಮಾಡಿದರೂ ಜೀನ್ ಜಗ್ಗದ ಸ್ಥಿತಿಗಳಿವೆ. ಇವೆರಡರ ನಡುವೆ, ನೂರಾರು ಜೀನ್‌ಗಳು ತಲಾ ಸ್ವಲ್ಪ ಸ್ವಲ್ಪ ತಳ್ಳುವ, ಊಟ ಮತ್ತು ಜೀವನಕ್ರಮ ಬದಲಾದರೆ ಆ ತಳ್ಳುವಿಕೆಯೇ ಸಡಿಲವಾಗುವ ಕಾಯಿಲೆಗಳ ದೊಡ್ಡ ಗುಂಪಿದೆ. ನಮ್ಮ ಸಮಸ್ಯೆ ಯಾವ ಗುಂಪಿನದು ಎಂಬುದು ಮೊದಲು ತಿಳಿಯಬೇಕು. ತಟ್ಟೆಯಲ್ಲಿ ಏನಿರಬೇಕು ಎಂಬುದು ಆಮೇಲಿನ ಪ್ರಶ್ನೆ.

ಮೊದಲ ಗುಂಪಿಗೆ ಫೀನೈಲ್‌ಕೀಟೋನ್ಯೂರಿಯಾಕ್ಕಿಂತ ಸ್ಪಷ್ಟವಾದ ಉದಾಹರಣೆ ಇಲ್ಲ. ಪ್ರೋಟೀನ್‌ನಲ್ಲಿರುವ ಫೀನೈಲ್‌ಅಲನೈನ್ ಎಂಬ ಅಮೈನೋ ಆಮ್ಲವನ್ನು ಟೈರೋಸಿನ್ ಆಗಿ ಬದಲಿಸುವ ಕಿಣ್ವ ಈ ಕಾಯಿಲೆ ಇರುವವರಲ್ಲಿ ಕೆಲಸ ಮಾಡುವುದಿಲ್ಲ. ಫೀನೈಲ್‌ಅಲನೈನ್ ರಕ್ತದಲ್ಲಿ ಶೇಖರವಾಗಿ ಬೆಳೆಯುವ ಮೆದುಳನ್ನು ಹಾಳು ಮಾಡುತ್ತದೆ. ನಾರ್ವೆಯ ಆಸ್ಬ್ಯೋರ್ನ್ ಫೋಲಿಂಗ್ 1934ರಲ್ಲಿ ಈ ಕಾಯಿಲೆಯನ್ನು ಗುರುತಿಸಿದರು. 1953ರಲ್ಲಿ ಹೋರ್ಸ್ಟ್ ಬಿಕೆಲ್ ಮತ್ತು ಜೊತೆಗಾರರು ಫೀನೈಲ್‌ಅಲನೈನ್ ಕಡಿಮೆ ಇರುವ ಆಹಾರದಿಂದ ಮಗುವೊಂದರಲ್ಲಿ ಸುಧಾರಣೆ ಕಂಡದ್ದನ್ನು ವರದಿ ಮಾಡಿದರು. 1960ರ ದಶಕದ ಆರಂಭದಲ್ಲಿ ರಾಬರ್ಟ್ ಗಥ್ರಿ ರೂಪಿಸಿದ ಒಣರಕ್ತದ ಚುಕ್ಕೆಯ ಪರೀಕ್ಷೆಯಿಂದ, ಹುಟ್ಟಿದ ಕೆಲವೇ ದಿನಗಳಲ್ಲಿ ಹಿಮ್ಮಡಿಯ ಒಂದೆರಡು ಹನಿಯಲ್ಲಿ ಇದನ್ನು ಪತ್ತೆಹಚ್ಚುವುದು ಸಾಧ್ಯವಾಯಿತು. ಆ ಜೀನ್ ಇಂದಿಗೂ ಹಾಗೇ ಇದೆ, ಆದರೆ ಹುಟ್ಟಿದಾಗಿನಿಂದ ಪಥ್ಯ ನಡೆದರೆ ಮಗು ಎಲ್ಲರಂತೆ ಬೆಳೆಯುತ್ತದೆ. ಆನುವಂಶಿಕ ಎಂದ ಮಾತ್ರಕ್ಕೆ ಬದಲಿಸಲಾಗದ್ದು ಎಂದಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಆದರೆ ಈ ಪಥ್ಯ ಅಳತೆಯದ್ದು, ಬಿಡುವ ಪಥ್ಯವಲ್ಲ. ಜನ ಎಡವುವುದು ಇಲ್ಲೇ. ಫೀನೈಲ್‌ಅಲನೈನ್ ದೇಹ ತಾನೇ ತಯಾರಿಸಿಕೊಳ್ಳಲಾರದ ಅಗತ್ಯ ಅಮೈನೋ ಆಮ್ಲ. ಅದನ್ನು ಪೂರ್ತಿ ನಿಲ್ಲಿಸಿದರೆ ದೇಹ ತನ್ನದೇ ಸ್ನಾಯುವನ್ನು ಕರಗಿಸಿಕೊಳ್ಳುತ್ತದೆ, ಆಗ ರಕ್ತದಲ್ಲಿ ಅದರ ಮಟ್ಟ ಏರಿಯೇ ಬಿಡುತ್ತದೆ. ಜ್ವರ ಬಂದು ಮಗು ಊಟ ಬಿಟ್ಟಾಗ ಅಂಕಿ ಜಿಗಿಯುವುದಕ್ಕೂ ಇದೇ ಕಾರಣ. ಅಮೆರಿಕದ ಮಾರ್ಗಸೂಚಿಯಲ್ಲಿ ಗುರಿ ಲೀಟರ್ ರಕ್ತಕ್ಕೆ 120ರಿಂದ 360 ಮೈಕ್ರೋಮೋಲ್. ಪ್ರೋಟೀನ್‌ನ ಬಹುಪಾಲು ಫೀನೈಲ್‌ಅಲನೈನ್ ಇಲ್ಲದ ವಿಶೇಷ ಮಿಶ್ರಣದಿಂದ ಬರುತ್ತದೆ, ಸಹಜ ಆಹಾರವನ್ನು ತೂಕ ಮಾಡಿ ಕೊಡುತ್ತಾರೆ. ಆಸ್ಪರ್ಟೇಮ್ ಎಂಬ ಕೃತಕ ಸಿಹಿ ಕರುಳಿನಲ್ಲಿ ಒಡೆದು ಫೀನೈಲ್‌ಅಲನೈನ್ ಕೊಡುವುದರಿಂದ ಅದು ವರ್ಜ್ಯ. ಈ ಕಾಯಿಲೆ ಇರುವ ಹೆಣ್ಣುಮಕ್ಕಳು ಗರ್ಭ ಧರಿಸುವ ಮೊದಲೇ ಮಟ್ಟವನ್ನು ಹತೋಟಿಗೆ ತಂದುಕೊಳ್ಳಬೇಕು. ಇಲ್ಲದಿದ್ದರೆ ಆ ಜೀನ್‌ಜೋಡಿ ಪಡೆಯದ ಭ್ರೂಣದ ಮೆದುಳಿಗೂ ಹೃದಯಕ್ಕೂ ಹಾನಿ.

ಇನ್ನೊಂದು ತುದಿಗೆ ಹೋಗೋಣ. ರಕ್ತದಲ್ಲಿ ಕೊಲೆಸ್ಟರಾಲ್ ಹೊತ್ತು ತಿರುಗುವ ಲಿಪೊಪ್ರೋಟೀನ್ (ಎ) ಎಂಬ ಕಣದ ಮಟ್ಟವನ್ನು ಬಹುತೇಕ ಪೂರ್ತಿಯಾಗಿ ಒಂದೇ ಜೀನ್ ತೀರ್ಮಾನಿಸುತ್ತದೆ. ಪಥ್ಯ, ವ್ಯಾಯಾಮ ಯಾವುದಕ್ಕೂ ಅದು ಹೆಚ್ಚು ಬಗ್ಗುವುದಿಲ್ಲ. ಡೆಸಿಲೀಟರಿಗೆ 50 ಮಿಲಿಗ್ರಾಂ ಮೀರಿದರೆ ಹೃದಯಾಘಾತದ ಅಪಾಯ ಏರುತ್ತದೆ. ಜೀವಮಾನದಲ್ಲಿ ಒಮ್ಮೆ ಅಳೆಸಿದರೆ ಸಾಕು. ಅದನ್ನು ಇಳಿಸಲು ತಿಂಗಳುಗಟ್ಟಲೆ ಉಪವಾಸ ಬೀಳುವ ಬದಲು ಎಲ್‌ಡಿಎಲ್ (ಕೆಟ್ಟ ಕೊಲೆಸ್ಟರಾಲ್), ರಕ್ತದೊತ್ತಡ, ಧೂಮಪಾನ ಇವುಗಳ ಮೇಲೆ ಇನ್ನಷ್ಟು ಬಿಗಿ ಹಿಡಿಯಬೇಕು.

ವಂಶಪಾರಂಪರ್ಯ ಅಧಿಕ ಕೊಲೆಸ್ಟರಾಲ್ ಈ ತುದಿಗೆ ಹತ್ತಿರದ್ದು, ಆದರೆ ಪೂರ್ತಿ ಅಲ್ಲ. ಸುಮಾರು 250ರಿಂದ 300 ಜನರಲ್ಲಿ ಒಬ್ಬರಿಗೆ ಇದು ಇದೆ. ಹೆಚ್ಚಿನವರಲ್ಲಿ ಯಕೃತ್ತು ರಕ್ತದಿಂದ ಎಲ್‌ಡಿಎಲ್ ಹಿಡಿದು ಒಳಗೆಳೆದುಕೊಳ್ಳುವ ಗ್ರಾಹಕಗಳಲ್ಲಿ ಅರ್ಧದಷ್ಟು ನಿಷ್ಕ್ರಿಯ. ಈ ಗ್ರಾಹಕದ ಕೆಲಸವನ್ನು ಬಿಡಿಸಿ ತೋರಿಸಿದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್‌ಗೆ 1985ರಲ್ಲಿ ನೊಬೆಲ್ ಸಂದಿತು. ಬೆಣ್ಣೆ, ತುಪ್ಪದಂಥವುಗಳಲ್ಲಿರುವ ಸ್ಯಾಚುರೇಟೆಡ್ ಕೊಬ್ಬು ಹೆಚ್ಚು ತಿಂದರೆ ಇದೇ ಗ್ರಾಹಕಗಳ ಚಟುವಟಿಕೆ ತಗ್ಗುತ್ತದೆ, ಅಂದರೆ ಜೀನ್ ಅರ್ಧ ಮುಚ್ಚಿದ ಬಾಗಿಲನ್ನು ಊಟ ಇನ್ನಷ್ಟು ದೂಡುತ್ತದೆ. ಹಾಗಾಗಿ ಪಥ್ಯ ವ್ಯರ್ಥವಲ್ಲ. ಆದರೆ ಅದರಿಂದ ಇಳಿಯುವುದು ಹೆಚ್ಚೆಂದರೆ ಶೇ. 10–15. ಎಲ್‌ಡಿಎಲ್ 220 ಇದ್ದವರು ಪಥ್ಯದಿಂದ 190ಕ್ಕೆ ಬಂದು ಸಮಾಧಾನಪಟ್ಟರೆ ಅದು ಅಪಾಯಕಾರಿ ಸಮಾಧಾನ. ಇಲ್ಲಿ ಔಷಧಿ ಬೇಕು, ಅದನ್ನು ಸೋಲು ಎಂದು ಭಾವಿಸಬೇಕಿಲ್ಲ.

ಈಗ ನಡುವಿನ ದೊಡ್ಡ ಗುಂಪು: ಎರಡನೇ ಬಗೆಯ ಮಧುಮೇಹ, ಬೊಜ್ಜು, ಸಾಮಾನ್ಯ ಹೃದ್ರೋಗ. ಟಿಸಿಎಫ್‌7ಎಲ್2 ಎಂಬ ಜೀನ್‌ನ ಒಂದು ರೂಪಭೇದ ಇನ್ಸುಲಿನ್ ಸ್ರವಿಕೆಯನ್ನು ಕುಗ್ಗಿಸುತ್ತದೆ. ಮಧುಮೇಹದ ಮಟ್ಟಿಗೆ ಸಾಮಾನ್ಯ ರೂಪಭೇದಗಳಲ್ಲೇ ಪ್ರಬಲವಾದದ್ದು ಇದು. ಅಮೆರಿಕದ ಮಧುಮೇಹ ತಡೆ ಪ್ರಯೋಗದಲ್ಲಿ, ಮಧುಮೇಹದ ಗಡಿಯಲ್ಲಿದ್ದವರ ಪೈಕಿ ಈ ರೂಪದ ಎರಡು ಪ್ರತಿ ಹೊತ್ತವರಿಗೆ ಬರೀ ಹುಸಿಗುಳಿಗೆ (ಔಷಧಿಯಿಲ್ಲದ ಮಾತ್ರೆ) ಸಿಕ್ಕಾಗ ಮಧುಮೇಹ ಬರುವ ಸಾಧ್ಯತೆ ಒಂದೂ ಪ್ರತಿ ಇಲ್ಲದವರಿಗಿಂತ ಸುಮಾರು 1.8 ಪಟ್ಟು ಇತ್ತು. ಜೀವನಕ್ರಮ ಬದಲಿಸಿಕೊಂಡ ಗುಂಪಿನಲ್ಲಿ ಆ ಅಂತರ ಬಹುತೇಕ ಕರಗಿತು. ಅವರು ಮಾಡಿದ್ದು ಇಷ್ಟೇ: ದೇಹದ ತೂಕದಲ್ಲಿ ಶೇ. 7 ಇಳಿಸುವ ಗುರಿ, ವಾರಕ್ಕೆ 150 ನಿಮಿಷ ಚುರುಕು ನಡಿಗೆಯಂಥ ಚಟುವಟಿಕೆ, ಕೊಬ್ಬು ಮತ್ತು ಕ್ಯಾಲರಿಯ ಮೇಲೆ ಹಿಡಿತ. ಒಟ್ಟಾರೆ ಆ ಗುಂಪಿನಲ್ಲಿ ಹೊಸ ಮಧುಮೇಹ ಶೇ. 58ರಷ್ಟು ಕಡಿಮೆಯಾಯಿತು, ಮೆಟ್‌ಫಾರ್ಮಿನ್ ಎಂಬ ಮಧುಮೇಹದ ಮಾತ್ರೆ ಪಡೆದವರಲ್ಲಿ ಶೇ. 31.

ಸಿಹಿ ಪಾನೀಯಗಳ ಅಧ್ಯಯನ ಇದನ್ನೇ ಬೇರೆ ಕಡೆಯಿಂದ ತೋರಿಸಿತು. 2012ರಲ್ಲಿ ಪ್ರಕಟವಾದ ಅದರಲ್ಲಿ ಬೊಜ್ಜಿಗೆ ನಂಟಿರುವ 32 ರೂಪಭೇದಗಳನ್ನು ಎಣಿಸಿದ್ದರು. ಸಕ್ಕರೆ ಪಾನೀಯವನ್ನು ತಿಂಗಳಿಗೊಮ್ಮೆಯೂ ಕುಡಿಯದವರಲ್ಲಿ ಪ್ರತಿ ಹತ್ತು ಅಪಾಯದ ಪ್ರತಿಗಳಿಗೆ ಬಿಎಂಐ ಸುಮಾರು 1 ಅಂಕ ಏರಿದರೆ, ದಿನವೂ ಕುಡಿಯುವವರಲ್ಲಿ ಅದು 1.78. ಅದೇ ಜೀನ್‌ಗಳು, ಆದರೆ ಹೊರೆ ಹೆಚ್ಚುಕಡಿಮೆ ದುಪ್ಪಟ್ಟು. ಹೃದ್ರೋಗದಲ್ಲೂ ಹಾಗೇ: 2016ರ ದೊಡ್ಡ ವಿಶ್ಲೇಷಣೆಯೊಂದರಲ್ಲಿ ಆನುವಂಶಿಕ ಅಪಾಯ ಅತಿ ಹೆಚ್ಚಿದ್ದವರ ಪೈಕಿ ಧೂಮಪಾನ ಇಲ್ಲದಿರುವುದು, ಬೊಜ್ಜು ಇಲ್ಲದಿರುವುದು, ನಿಯಮಿತ ವ್ಯಾಯಾಮ, ಒಳ್ಳೆಯ ಊಟ ಈ ನಾಲ್ಕರಲ್ಲಿ ಮೂರನ್ನಾದರೂ ಪಾಲಿಸಿದವರಿಗೆ, ಒಂದನ್ನಷ್ಟೇ ಪಾಲಿಸಿದ ಅಥವಾ ಒಂದನ್ನೂ ಪಾಲಿಸದವರಿಗಿಂತ ಹೃದಯದ ಅವಘಡ ಶೇ. 46 ಕಡಿಮೆ ಇತ್ತು. ನಾನು ಹೇಳಬೇಕೆಂದಿರುವುದು ಇದೇ. ಮನೆತನದಲ್ಲಿ ಕಾಯಿಲೆ ಇರುವವರಿಗೆ ಪಥ್ಯದಿಂದ ಸಿಗುವ ಲಾಭ ಕಡಿಮೆಯಲ್ಲ. ತಪ್ಪಿಸಬಹುದಾದ ಅಪಾಯವೇ ಅವರಲ್ಲಿ ಹೆಚ್ಚಿರುವುದರಿಂದ ಲಾಭವೂ ಅವರಿಗೇ ಹೆಚ್ಚು.

ಹಾಗಾದರೆ ಜೀನ್ ನೋಡಿ ಯಾವ ಪಥ್ಯ ಎಂದು ಆರಿಸಬಹುದೇ? ಇದುವರೆಗಿನ ಗಟ್ಟಿ ಪ್ರಯೋಗಗಳು ಹೌದೆನ್ನುವುದಿಲ್ಲ. 2018ರ ಡಯಟ್‌ಫಿಟ್ಸ್ ಪ್ರಯೋಗದಲ್ಲಿ 609 ಮಂದಿಯನ್ನು ಕಡಿಮೆ ಕೊಬ್ಬು ಮತ್ತು ಕಡಿಮೆ ಪಿಷ್ಟ ಎಂದು ಎರಡು ಗುಂಪಾಗಿಸಿ ಒಂದು ವರ್ಷ ಗಮನಿಸಿದರು. ಇಂಥ ಜೀನ್ ಇದ್ದವರಿಗೆ ಇಂಥ ಪಥ್ಯ ಒಗ್ಗುತ್ತದೆ ಎಂಬ ಊಹೆ ನಿಲ್ಲಲಿಲ್ಲ. ಎರಡೂ ಗುಂಪಿನಲ್ಲಿ ತೂಕ ಸರಾಸರಿ 5–6 ಕಿಲೋ ಇಳಿಯಿತು. ಬೊಜ್ಜಿಗೆ ಹೆಸರಾದ ಎಫ್‌ಟಿಒ ಜೀನ್‌ನ ಅಪಾಯದ ಪ್ರತಿಗಳೆರಡನ್ನೂ ಹೊತ್ತವರು ಸರಾಸರಿ 3 ಕಿಲೋ ಹೆಚ್ಚು ತೂಗುತ್ತಾರೆ ನಿಜ, ಆದರೆ ತೂಕ ಇಳಿಸುವ ಪ್ರಯೋಗಗಳಲ್ಲಿ ಅವರೂ ಉಳಿದವರಷ್ಟೇ ಇಳಿಸಿದ್ದಾರೆ.

ಮಾರುಕಟ್ಟೆಯ ಜೀನ್ ವರದಿಗಳಲ್ಲಿ ಅತಿ ಹೆಚ್ಚು ಗಾಬರಿ ಹುಟ್ಟಿಸುವುದು ಎಂಟಿಎಚ್‌ಎಫ್‌ಆರ್. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುವುದು ಒಳ್ಳೆಯದು. ಈ ಜೀನ್ ರೂಪಿಸುವ ಕಿಣ್ವ ಫೋಲೇಟ್ ಎಂಬ ಬಿ ವಿಟಮಿನ್ ಅನ್ನು ದೇಹ ಬಳಸುವ ರೂಪಕ್ಕೆ ತರುತ್ತದೆ. ಈ ಜೀನ್‌ನ 677ನೇ ಸ್ಥಾನದ ರೂಪಭೇದ ತಂದೆತಾಯಿ ಇಬ್ಬರಿಂದಲೂ ಬಂದಿದ್ದರೆ ಕಿಣ್ವದ ಶಕ್ತಿ ಸುಮಾರು ಶೇ. 30ಕ್ಕೆ ಇಳಿಯುತ್ತದೆ. ರೈಬೋಫ್ಲೇವಿನ್‌ನಿಂದ (ಬಿ2 ವಿಟಮಿನ್) ಬರುವ ಸಹಕಿಣ್ವ ಅದರಿಂದ ಬೇಗ ಕಳಚಿಕೊಳ್ಳುವುದು ಇದಕ್ಕೆ ಕಾರಣ. ಫೋಲೇಟ್ ಮತ್ತು ರೈಬೋಫ್ಲೇವಿನ್ ಸಾಕಷ್ಟಿದ್ದರೆ ಕಿಣ್ವ ಹೆಚ್ಚು ಸ್ಥಿರವಾಗಿ ನಿಲ್ಲುತ್ತದೆ, ಹೃದ್ರೋಗಕ್ಕೆ ನಂಟಿದೆ ಎನ್ನಲಾಗುವ ಹೋಮೋಸಿಸ್ಟೀನ್ ಎಂಬ ಅಮೈನೋ ಆಮ್ಲ ರಕ್ತದಲ್ಲಿ ಅಷ್ಟಾಗಿ ಏರುವುದಿಲ್ಲ. ಕೊರತೆ ಇದ್ದಾಗಲೇ ಜೀನ್‌ನ ದೋಷ ಎದ್ದು ಕಾಣುವುದು. ಈ ಜೀನ್‌ಜೋಡಿಯ ಜೊತೆ ರಕ್ತದೊತ್ತಡವೂ ಇದ್ದವರಿಗೆ ದಿನಕ್ಕೆ 1.6 ಮಿಲಿಗ್ರಾಂ ರೈಬೋಫ್ಲೇವಿನ್ ಕೊಟ್ಟ ಸಣ್ಣ ಪ್ರಯೋಗಗಳಲ್ಲಿ ಮೇಲಿನ ಒತ್ತಡ 5–6 ಅಂಕ ಇಳಿದಿದೆ. ಜೀನ್ ಮತ್ತು ಪೋಷಕಾಂಶದ ನಡುವೆ ಇಷ್ಟು ನೇರವಾದ ಕೊಂಡಿ ಬೇರೆಡೆ ಅಪರೂಪ. ಇನ್ನೊಂದು ಕಡೆ, ಹೃದ್ರೋಗಿಗಳಿಗೆ ಬಿ ವಿಟಮಿನ್ ಕೊಟ್ಟು ಹೋಮೋಸಿಸ್ಟೀನ್ ಇಳಿಸಿದರೂ ಹೃದಯಾಘಾತ ಕಡಿಮೆಯಾಗಲಿಲ್ಲ. ಆದರೆ ಹಿಟ್ಟಿಗೆ ಫೋಲಿಕ್ ಆಮ್ಲ ಬೆರೆಸುವ ವ್ಯವಸ್ಥೆ ಇಲ್ಲದ ಚೀನಾದಲ್ಲಿ, ರಕ್ತದೊತ್ತಡ ಇದ್ದ 20,702 ಮಂದಿಯ ಪೈಕಿ ಬರೀ ಒತ್ತಡದ ಮಾತ್ರೆ ಪಡೆದವರಲ್ಲಿ ಪಾರ್ಶ್ವವಾಯು ಶೇ. 3.4 ಇದ್ದರೆ, ಆ ಮಾತ್ರೆಯ ಜೊತೆ 0.8 ಮಿಲಿಗ್ರಾಂ ಫೋಲಿಕ್ ಆಮ್ಲವನ್ನೂ ಪಡೆದವರಲ್ಲಿ ಶೇ. 2.7 ಇತ್ತು. ಕೊರತೆ ಇದ್ದಲ್ಲಿ ತುಂಬಿದರೆ ಫಲ, ತುಂಬಿದ ಕೊಡಕ್ಕೆ ಸುರಿದರೆ ಇಲ್ಲ. ಗರ್ಭ ಧರಿಸಲಿರುವವರು ಈ ರೂಪಭೇದ ಇದ್ದರೂ ಸಾಮಾನ್ಯ ಫೋಲಿಕ್ ಆಮ್ಲವನ್ನೇ ದಿನಕ್ಕೆ 400 ಮೈಕ್ರೋಗ್ರಾಂ ತೆಗೆದುಕೊಳ್ಳಬೇಕು. ಮಗುವಿನ ನರನಾಳದ ದೋಷ ತಡೆಯುವುದು ಪ್ರಯೋಗಗಳಲ್ಲಿ ಸಾಬೀತಾಗಿರುವುದು ಅದರಿಂದಲೇ. ವರದಿ ನೋಡಿ ತಾವಾಗಿಯೇ ದೊಡ್ಡ ಪ್ರಮಾಣ ನುಂಗುವವರಿಗೆ ಒಂದು ಎಚ್ಚರಿಕೆ: ದಿನಕ್ಕೆ 1 ಮಿಲಿಗ್ರಾಂ ಮೀರಿದರೆ ಬಿ12 ಕೊರತೆಯ ರಕ್ತಹೀನತೆ ಮರೆಯಾಗಿ, ನರಗಳ ಹಾನಿ ಸದ್ದಿಲ್ಲದೆ ಮುಂದುವರಿಯಬಹುದು.

ಹಾಗಾದರೆ ಮಾಡಬೇಕಾದ್ದೇನು? ಜೀನ್ ಪರೀಕ್ಷೆಗೆ ಉಗುಳು ಕಳುಹಿಸುವ ಮೊದಲು ಕಾಗದದ ಮೇಲೆ ಮೂರು ತಲೆಮಾರು ಬರೆಯಿರಿ. ಯಾರಿಗೆ ಯಾವ ಕಾಯಿಲೆ ಎಂಬುದಷ್ಟೇ ಅಲ್ಲ, ಎಷ್ಟನೇ ವಯಸ್ಸಿನಲ್ಲಿ ಎಂಬುದು ಮುಖ್ಯ. ತಂದೆ ಅಥವಾ ಅಣ್ಣತಮ್ಮಂದಿರಿಗೆ 55ಕ್ಕಿಂತ ಮೊದಲು, ತಾಯಿ ಅಥವಾ ಅಕ್ಕತಂಗಿಯರಿಗೆ 65ಕ್ಕಿಂತ ಮೊದಲು ಹೃದಯಾಘಾತ ಆಗಿದ್ದರೆ ಅದು ಗಂಭೀರ ಸುಳಿವು. ನಂತರ ರಕ್ತಪರೀಕ್ಷೆ: ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ) ಶೇ. 5.7ರಿಂದ 6.4 ಇದ್ದರೆ ಮಧುಮೇಹದ ಗಡಿ. ಈ ಎರಡು ಹೇಳುವಷ್ಟನ್ನು ಬಹಳಷ್ಟು ಜೀನ್ ವರದಿಗಳು ಹೇಳಲಾರವು.

ನಿಮ್ಮ ದೇಹ ಪಥ್ಯಕ್ಕೆ ಎಷ್ಟು ಸ್ಪಂದಿಸುತ್ತದೆಂದು ತಿಳಿಯುವ ನಂಬಲರ್ಹ ದಾರಿ ಅಳೆದು ನೋಡುವುದೇ. ಎಲ್‌ಡಿಎಲ್ ವಿಷಯದಲ್ಲಿ, ಒಂದೆರಡು ವಾರದ ಅಂತರದಲ್ಲಿ ಎರಡು ಸಲ ಅಳೆಸಿ ಸರಾಸರಿ ಇಟ್ಟುಕೊಳ್ಳಿ. ಒಂದೇ ವ್ಯಕ್ತಿಯಲ್ಲೂ ಈ ಅಂಕಿ ದಿನದಿಂದ ದಿನಕ್ಕೆ ಏರಿಳಿಯುವುದರಿಂದ ಒಂದು ಸಲದ ಅಂಕಿ ನೆಚ್ಚುವಂಥದ್ದಲ್ಲ. ನಂತರ ಸ್ಯಾಚುರೇಟೆಡ್ ಕೊಬ್ಬನ್ನು ಒಟ್ಟು ಕ್ಯಾಲರಿಯ ಶೇ. 6–7ಕ್ಕೆ ಇಳಿಸಿ, ಅಂದರೆ 2000 ಕ್ಯಾಲರಿ ಉಣ್ಣುವವರಿಗೆ ದಿನಕ್ಕೆ 13–15 ಗ್ರಾಂ. ಆ ಜಾಗಕ್ಕೆ ಮೈದಾ, ಸಕ್ಕರೆ ಬರಬಾರದು. ಬಂದರೆ ಎಲ್‌ಡಿಎಲ್‌ನಲ್ಲಿ ಗಳಿಸಿದ್ದನ್ನು ಟ್ರೈಗ್ಲಿಸರೈಡ್‌ನಲ್ಲಿ ಕಳೆದುಕೊಳ್ಳುತ್ತೀರಿ. ಅನ್‌ಸ್ಯಾಚುರೇಟೆಡ್ ಕೊಬ್ಬಿನ ಎಣ್ಣೆ, ಬೀಜಗಳು, ಜೊತೆಗೆ 5–10 ಗ್ರಾಂ ಕರಗುವ ನಾರು ಬರಲಿ. ಆರರಿಂದ ಎಂಟು ವಾರ ಬಿಟ್ಟು ಅದೇ ಪ್ರಯೋಗಾಲಯದಲ್ಲಿ ಮತ್ತೆ ಅಳೆಸಿ. ನಡುವೆ ಜ್ವರ ಬಂದಿದ್ದರೆ, ತೂಕ ಭರ್ರನೆ ಇಳಿಯುತ್ತಿದ್ದರೆ, ಔಷಧಿ ಬದಲಾಗಿದ್ದರೆ ಆ ಅಂಕಿಯನ್ನು ನಂಬಬೇಡಿ. ನಾಲ್ಕೈದು ಅಂಕದ ಏರಿಳಿತವನ್ನು ಗೆಲುವು ಸೋಲು ಎಂದು ಎಣಿಸಬೇಡಿ.

ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ಬಗ್ಗೆ ಅನುಮಾನ ಇರುವವರು ಮೊದಲು ಗೋಧಿ ಬಿಟ್ಟು ಆಮೇಲೆ ಪರೀಕ್ಷೆಗೆ ಹೋಗುವುದು ದೊಡ್ಡ ತಪ್ಪು. ಬಿಟ್ಟ ಮೇಲೆ ರಕ್ತದಲ್ಲಿನ ಪ್ರತಿಕಾಯಗಳು ಇಳಿದು, ಗ್ಲುಟೆನ್‌ನಿಂದ ಕರುಳು ಕೆಡುವ ಸೀಲಿಯಾಕ್ ಕಾಯಿಲೆ ಇದ್ದರೂ ಇಲ್ಲವೆಂದು ಬರಬಹುದು. ಅದರ ಎಚ್‌ಎಲ್‌ಎ ಜೀನ್ ಪರೀಕ್ಷೆ ಉಪಯುಕ್ತವಾಗುವುದು ಇಲ್ಲ ಎಂದು ಬಂದಾಗ. ಇದೆ ಎಂದು ಬಂದರೆ ಹೆಚ್ಚೇನೂ ಗೊತ್ತಾಗುವುದಿಲ್ಲ, ಏಕೆಂದರೆ ಆ ಜೀನ್ ಇರುವ ಬಹುಪಾಲು ಜನರಿಗೆ ಕಾಯಿಲೆ ಬರುವುದೇ ಇಲ್ಲ.

ಎಲ್‌ಡಿಎಲ್ 190 ಮೀರಿದ್ದು, ಥೈರಾಯ್ಡ್ ಮತ್ತು ಮೂತ್ರಪಿಂಡದ ತೊಂದರೆ ಇಲ್ಲವೆಂದು ಖಚಿತವಾದರೆ ವೈದ್ಯರೊಂದಿಗೆ ವಂಶಪಾರಂಪರ್ಯದ ಮಾತೆತ್ತಿ. ಇದಕ್ಕೆ ಕಾರಣವಾಗುವ ರೂಪಭೇದಗಳು ಸಾವಿರಕ್ಕೂ ಹೆಚ್ಚಿವೆ. ಮನೆಗೆ ತರಿಸಿಕೊಳ್ಳುವ ಚಿಪ್ ಪರೀಕ್ಷೆ ಅವುಗಳಲ್ಲಿ ಕೆಲವನ್ನಷ್ಟೇ ನೋಡುವುದರಿಂದ ಅದರಲ್ಲಿ ಏನೂ ಇಲ್ಲವೆಂದು ಬಂದರೆ ನಿಶ್ಚಿಂತರಾಗಬೇಡಿ. ಒಬ್ಬರಲ್ಲಿ ಖಚಿತವಾದರೆ ಅವರ ಒಡಹುಟ್ಟಿದವರಿಗೂ ಮಕ್ಕಳಿಗೂ ತಲಾ ಅರ್ಧಕ್ಕರ್ಧ ಸಾಧ್ಯತೆ ಇದೆ. ಅವರೆಲ್ಲರ ಕೊಲೆಸ್ಟರಾಲ್ ಪರೀಕ್ಷೆ ಆಗಬೇಕು, ಮಕ್ಕಳದ್ದನ್ನು ದೊಡ್ಡವರಾಗಲಿ ಎಂದು ಮುಂದೂಡಬಾರದು.