ಉಕ್ಕಿದ ಹಾಲು

ಒಲೆಯ ಮೇಲೆ ಹಾಲಿಟ್ಟು ಮೊಬೈಲಿನಲ್ಲಿ ಏನೋ ಓದುತ್ತಿದ್ದೆ. ಉಕ್ಕಿ ಕಟ್ಟೆಯೆಲ್ಲ ಹರಿಯಿತು. ಈ ವಾರದಲ್ಲಿ ಮೂರನೆಯ ಸಲ. ಓದುತ್ತಿದ್ದದ್ದೂ ಎಡಿಎಚ್‌ಡಿ ಮತ್ತು ಅಪರಾಧದ ಬಗ್ಗೆಯೇ. ಗಮನ ಒಂದೆಡೆ ನಿಲ್ಲದ, ಯೋಚಿಸುವ ಮೊದಲೇ ಕೈ ಮುಂದಾಗುವ ಈ ತೊಂದರೆ ನನಗೂ ಇದೆಯೆಂದು ಗೊತ್ತಾದದ್ದು ನಲವತ್ತು ದಾಟಿದ ಮೇಲೆ.

ಸ್ವೀಡನ್ನಿನಲ್ಲಿ ಇಂಥ 25,656 ಮಂದಿಯ ದಾಖಲೆಗಳನ್ನು ಜಾಲಾಡಿ 2012ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದರು. ಅದೇ ವ್ಯಕ್ತಿ ಔಷಧಿ ತೆಗೆದುಕೊಳ್ಳುತ್ತಿದ್ದ ಕಾಲವನ್ನು ಬಿಟ್ಟಿದ್ದ ಕಾಲದೊಂದಿಗೆ ಹೋಲಿಸಿದರೆ, ಅಪರಾಧದ ಪ್ರಮಾಣ ಗಂಡಸರಲ್ಲಿ ಶೇ 32, ಹೆಂಗಸರಲ್ಲಿ ಶೇ 41 ಕಡಿಮೆ. ಹಾಗೆಂದು ಜೈಲಿನಲ್ಲಿ ಮಾತ್ರೆ ಹಂಚಿದರೆ ಮುಗಿಯಿತು ಎನ್ನುವಂತಿಲ್ಲ. ಬ್ರಿಟನ್ನಿನಲ್ಲಿ ಎಡಿಎಚ್‌ಡಿ ಇದ್ದ 200 ಯುವ ಕೈದಿಗಳ ಮೇಲೆ ನಡೆದ ಎಂಟು ವಾರಗಳ ಪ್ರಯೋಗದಲ್ಲಿ, ಈ ತೊಂದರೆಗೆ ಕೊಡುವ ಮೀಥೈಲ್‌ಫೆನಿಡೇಟ್ ಎಂಬ ಔಷಧಿ ನುಂಗಿದವರು ಹುಸಿಮಾತ್ರೆ ನುಂಗಿದವರಿಗಿಂತ ಹೆಚ್ಚೇನೂ ಸುಧಾರಿಸಲಿಲ್ಲ.

ನನ್ನನ್ನು ಕಾಡಿದ್ದು ಅಂಕಿಗಳಲ್ಲ. ಜೈಲಿನಿಂದ ಹೊರಬಂದವನಿಗೆ ಹಾಕುವ ಷರತ್ತುಗಳೆಲ್ಲ ನನಗೆ ಒಲಿಯದ ವಿದ್ಯೆಗಳೇ: ಹೇಳಿದ ದಿನ, ಹೇಳಿದ ಹೊತ್ತಿಗೆ ಅಧಿಕಾರಿಯ ಮುಂದೆ ಹಾಜರಾಗಬೇಕು, ಕಾಗದಪತ್ರ ಕಳೆಯಬಾರದು, ಕೆಣಕಿದರೂ ಕೈ ಎತ್ತಬಾರದು. ನಾನು ಹಲ್ಲಿನ ಡಾಕ್ಟರ ಬಳಿ ಹೋಗುವುದನ್ನು ಎರಡು ಸಲ ಮರೆತೆ. ಅವರು ನಕ್ಕು ಮೂರನೆಯ ದಿನಾಂಕ ಕೊಟ್ಟರು. ಅವನು ಎರಡು ಸಲ ಮರೆತರೆ ಮತ್ತೆ ಒಳಗೆ ಹೋಗಬೇಕಾದೀತು.

ಹೆಂಡತಿ ಕಟ್ಟೆ ಒರೆಸುತ್ತಾ, "ಇನ್ನು ಮೇಲೆ ಹಾಲಿಟ್ಟಾಗ ಒಲೆಯ ಮುಂದೆಯೇ ನಿಂತಿರಿ" ಎಂದಳು. ಅಲ್ಲೇ ನಿಂತಿದ್ದೆ ಎಂದು ಹೇಳುವ ಧೈರ್ಯವಾಗಲಿಲ್ಲ.