ಆ ದುಡ್ಡಿಗೆ ಹೊಸದೇ ಬರ್ತಿತ್ತಲ್ವಾ?

ಬರ್ತಿತ್ತು. ಗುಜರಿಯಿಂದ ಹಳೇ ಸೈಕಲ್ ತಂದು ದುಡ್ಡು ಸುರಿದು ಓಡುವ ಹಾಗೆ ಮಾಡಿದ್ದಕ್ಕೆ ಎಲ್ಲರೂ ಕೇಳುವ ಪ್ರಶ್ನೆ ಇದು. ಏಳೂವರೆ ಸಾವಿರ ಹಿಡಿದು ಮೈಸೂರಿನ ಯಾವ ಸೈಕಲ್ ಅಂಗಡಿಗೆ ಹೋದರೂ ಮುಂದೆ ಶಾಕ್ ಅಬ್ಸಾರ್ಬರ್ ಇರುವ, ಮೈತುಂಬ ಸ್ಟಿಕ್ಕರ್ ಅಂಟಿಸಿದ ಹೊಸ ಸೈಕಲ್ ಕೊಡುತ್ತಾರೆ. ನನಗೂ ಗೊತ್ತು. ಈ ವಿಷಯ ಇದುವರೆಗೆ ನನಗೆ ತಿಳಿಸಿದವರಲ್ಲಿ ಹಾಲಿನವನಿದ್ದಾನೆ, ಪಕ್ಕದ ಮನೆಯವರಿದ್ದಾರೆ, ಕುಕ್ಕರಹಳ್ಳಿ ಕೆರೆ ಹತ್ತಿರ ವಾಕಿಂಗ್ ಬರುವ, ಹೆಸರೂ ಗೊತ್ತಿಲ್ಲದ ಯಜಮಾನರೊಬ್ಬರಿದ್ದಾರೆ. ಆಫೀಸಿನ ಒಬ್ಬ ಎರಡು ಸಲ ತಿಳಿಸಿದ. ಬಾಯಲ್ಲಿ ಉತ್ತರ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ನಡೆದದ್ದು ಇಷ್ಟು. ಮಂಡಿ ಮೊಹಲ್ಲಾ ಕಡೆ ಒಂದು ಗುಜರಿಯಲ್ಲಿ, ಫ್ರಿಜ್ ಬಾಗಿಲುಗಳ ಅಡಿಯಲ್ಲಿ, ಹಳೇ ಸ್ಟೀಲ್ ಮೌಂಟನ್ ಬೈಕ್, ಅಂದರೆ ಬೆಟ್ಟದ ಮಣ್ಣು ದಾರಿಗೆ ಅಂತ ಮಾಡಿದ ಸೈಕಲ್, ಒಂದು ಬಿದ್ದಿತ್ತು. 26 ಇಂಚಿನ ಚಕ್ರ, ಹಿಂದೆ ಏಳು ಗೇರು, ಎರಡು ಕೈ ಚಾಚಿದ ಹಾಗಿರುವ ಹಳೇ ಕ್ಯಾಂಟಿಲಿವರ್ ಬ್ರೇಕು. ಸೀಟಿನ ಕೆಳಗಿನ ಪೈಪಿನ ಮೇಲೆ ಅರ್ಧ ಹರಿದ ಸ್ಟಿಕ್ಕರ್. ಉಗುಳು ಹಚ್ಚಿ ಉಜ್ಜಿದಾಗ ‘ಕ್ರೋಮೋಲಿ’ ಅನ್ನುವ ಅಕ್ಷರ ಕಂಡಿತು. ಅಂದರೆ ಕ್ರೋಮಿಯಂ, ಮಾಲಿಬ್ಡಿನಮ್ ಬೆರೆಸಿದ ಉಕ್ಕು. ಮಾಮೂಲಿ ಸ್ಟೀಲಿಗಿಂತ ಗಟ್ಟಿ, ಹಾಗಾಗಿ ಪೈಪನ್ನು ತೆಳ್ಳಗೆ ಮಾಡಬಹುದು, ತೂಕ ಕಮ್ಮಿಯಾಗುತ್ತದೆ. ಕಬ್ಬಿಣದ ರೇಟಿಗೆ ತೂಗಿದ್ದರೆ ಐನೂರೂ ಆಗುತ್ತಿರಲಿಲ್ಲ. ಗುಜರಿಯವರು ತಕ್ಕಡಿ ನೋಡಲಿಲ್ಲ, ನನ್ನ ಮುಖ ನೋಡಿದರು. 1,200 ಅಂದರು.

ಅದನ್ನು ಓಡುವ ಹಾಗೆ ಮಾಡುವಷ್ಟರಲ್ಲಿ ಲೆಕ್ಕ 7,350ಕ್ಕೆ ಬಂತು.

ಮೊದಲ ದೊಡ್ಡ ಸವಾರಿ ಪಾಂಡವಪುರದ ಹತ್ತಿರ ಒಂದು ಹಳ್ಳಿಗೆ, ಬೀಗರೂಟಕ್ಕೆ. ಬಾಡೂಟಕ್ಕೆ ಸೈಕಲ್‌ನಲ್ಲಿ ಬಂದವನು ನಾನೊಬ್ಬನೇ. ಕಾರುಗಳ ನಡುವೆ ನಿಲ್ಲಿಸಿದೆ. ನಮ್ಮ ಚಿಕ್ಕಪ್ಪ ಬಂದು, ಕುರಿ ಕೊಳ್ಳುವವರ ಹಾಗೆ ಸುತ್ತ ಒಂದು ಸಲ ತಿರುಗಿ, ಟೈರನ್ನು ಹೆಬ್ಬೆರಳಲ್ಲಿ ಒತ್ತಿ, ‘ಎಷ್ಟಾಯ್ತ್ಲಾ?’ ಅಂದರು. ಸುಳ್ಳು ಹೇಳಬೇಕಿತ್ತು. ನಿಜ ಹೇಳಿಬಿಟ್ಟೆ. ‘ಅಷ್ಟ್ ದುಡ್ಗೆ ಹೊಸ್ದೇ ಬತ್ತಿತ್ತಲ್ಲ್ಲಾ ಮಗಾ!’ ಪಂಕ್ತಿಯಲ್ಲಿ ಕೂತಿದ್ದವರೆಲ್ಲ ಮುದ್ದೆ ಬಿಟ್ಟು ನನ್ನ ಕಡೆ ತಿರುಗಿದರು.

ಈಗ ಒಂದು ಮಾತು. ಇದೇ ಚಿಕ್ಕಪ್ಪನ ಮನೆಯಲ್ಲಿ ಒಂದು ಯೆಜ್ಡಿ ಮೋಟರ್‌ಸೈಕಲ್ ಇದೆ. ಇಲ್ಲೇ ಮೈಸೂರಲ್ಲಿ ತಯಾರಾದದ್ದು. ಅದನ್ನು ಮಾಡುತ್ತಿದ್ದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು, ಚಿಕ್ಕಪ್ಪನ ಗಾಡಿ ಅದಕ್ಕೂ ಮೊದಲೇ ಕೆಟ್ಟು ಕೊಟ್ಟಿಗೆ ಸೇರಿತ್ತು. ಅದಕ್ಕೆ ಎಂಬತ್ತು ಸಾವಿರ ಸುರಿದು ಎಬ್ಬಿಸಿದ್ದಾರೆ. ಅದು ಹೊಗೆ ಬಿಡುತ್ತಾ ಬಂದರೆ ಜನ ನಿಂತು ಫೋಟೊ ತೆಗೆಯುತ್ತಾರೆ. ‘ಆ ದುಡ್ಡಿಗೆ ಹೊಸದೇ ಬರ್ತಿತ್ತಲ್ವಾ’ ಅಂತ ಒಬ್ಬರೂ ಕೇಳಿಲ್ಲ. ಅವರದ್ದು ವಿಂಟೇಜು, ನನ್ನದು ಗುಜರಿ. ನನಗೆ ಉರಿಯುವುದು ಇಲ್ಲೇ. ಪ್ರಶ್ನೆಗಿಂತ ಜಾಸ್ತಿ, ಕೊನೆಗೆ ‘ಅಲ್ವಾ’ ಅಂತ ಎಳೆಯುವ ಎಳೆತ ಇದೆಯಲ್ಲ, ಅದು.

ಊಟದ ನಡುವೆಯೇ ನನ್ನ ಪರ ನಾನೇ ವಾದ ಮಾಡಿದೆ. ಮೌಂಟನ್ ಬೈಕ್ ಅನ್ನುವುದು ಹುಟ್ಟಿದ್ದೇ ಗುಜರಿಯಿಂದ ಅಂದೆ. 70ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಹುಡುಗರು 1930, 40ರ ಕಾಲದ ದಪ್ಪ ಟೈರಿನ ಹಳೇ ಸೈಕಲ್‌ಗಳನ್ನು ಎತ್ತಿಕೊಂಡು ಬಂದು, ರಿಪೇರಿ ಮಾಡಿ, ಬೆಟ್ಟದಿಂದ ಮಣ್ಣು ರಸ್ತೆಯಲ್ಲಿ ಇಳಿಸುತ್ತಿದ್ದರು. ಹಿಂದಕ್ಕೆ ಪೆಡಲ್ ತುಳಿದರೆ ಹಿಡಿಯುವ ಬ್ರೇಕು. ಕೆಳಗೆ ಬರುವಷ್ಟರಲ್ಲಿ ಆ ಬ್ರೇಕಿರುವ ಹಬ್ಬಿನೊಳಗಿನ, ಅಂದರೆ ಚಕ್ರದ ನಡುಭಾಗದ, ಗ್ರೀಸು ಸುಟ್ಟು ಹೊಗೆ. ಮತ್ತೆ ಗ್ರೀಸ್ ತುಂಬಬೇಕು. ಅದಕ್ಕೇ ಆ ಇಳಿಜಾರಿಗೆ ‘ರಿಪ್ಯಾಕ್’ ಅಂತ ಹೆಸರು ಬಿತ್ತು, 1976ರಲ್ಲಿ ಅಲ್ಲಿ ರೇಸೂ ಶುರುವಾಯಿತು. ಮುಂದಿನ ವರ್ಷ ಜೋ ಬ್ರೀಜ್ ಅನ್ನುವವರು ಇದಕ್ಕೇ ಅಂತ ಹೊಸ ಕ್ರೋಮೋಲಿ ಫ್ರೇಮ್ ಕಟ್ಟಿದರು.

ಚಿಕ್ಕಪ್ಪ ಪೂರ್ತಿ ಕೇಳಿಸಿಕೊಂಡರು. ‘ಅವ್ರುಗೆ ಮಾಡಕ್ಕೆ ಕ್ಯಾಮೆ ಇರ್ಲಿಲ್ಲ ಕಣ್ಲಾ’ ಅಂದು ಇನ್ನೊಂದು ಮುದ್ದೆ ಹಾಕಿಸಿಕೊಂಡರು.

ದುಡ್ಡು ಎಲ್ಲಿ ಹೋಯಿತು ಅಂತ ಹೇಳಿಬಿಡುತ್ತೇನೆ, ಅದನ್ನೂ ಕೇಳುತ್ತೀರಿ. ಟೈರು, ಟ್ಯೂಬಿಗೆ 1,700. ಇಲ್ಲಿ ಸ್ವಲ್ಪ ಹುಷಾರು. ಸುಮ್ನೆ ‘26ರ ಟೈರ್ ಕೊಡಿ’ ಅಂದರೆ ಅಂಗಡಿಯವರು ಲೇಡೀಸ್ ಸೈಕಲ್ಲಿನ 26×1⅜ ಕೊಡುತ್ತಾರೆ. ನನಗೂ ಕೊಟ್ಟರು. ಮನೆಗೆ ತಂದರೆ ರಿಮ್ಮಿನ ಮೇಲೆ ಅಮ್ಮನ ಬಳೆ ಮಗುವಿನ ಕೈಗೆ ಹಾಕಿದ ಹಾಗೆ ಆಡುತ್ತಿತ್ತು. ಮೌಂಟನ್ ಬೈಕಿನ 26×1.95 ಟೈರು ರಿಮ್ಮಿಗೆ ಕೂರುವ ಜಾಗದಲ್ಲಿ 559 ಮಿಲಿಮೀಟರ್, ಲೇಡೀಸ್ ಸೈಕಲ್ಲಿನದ್ದು 590. ಎರಡಕ್ಕೂ ಹೆಸರು 26. ಪಾಯಿಂಟ್ ಇದ್ದರೆ ಬೇರೆ, ಭಿನ್ನರಾಶಿ ಇದ್ದರೆ ಬೇರೆ. ಚೈನು, ಫ್ರೀವೀಲು, ಕೇಬಲ್ಲು, ಬ್ರೇಕ್ ರಬ್ಬರು, ಒಂದೆರಡು ಪಾನಾ ಎಲ್ಲ ಸೇರಿ 2,200. ಸೀಟು 550. ಪೇಂಟಿಗೆ ಸೊನ್ನೆ. ತುಕ್ಕು ಕೆರೆದು ಎಣ್ಣೆ ಒರೆಸಿದ್ದೇನೆ, ಅಷ್ಟೇ.

ಇನ್ನು ಬಾಟಮ್ ಬ್ರಾಕೆಟ್, ಅಂದರೆ ಪೆಡಲಿನ ಆಕ್ಸಲ್ ಕೂರುವ ಜಾಗ. ಹೊಸದಕ್ಕೆ 900. ಹಳೆಯದನ್ನು ಬಿಚ್ಚಲು ಎರಡು ದಿನ. ಎಡಗಡೆ ಕಪ್ಪು, ಅಂದರೆ ಆಕ್ಸಲ್ಲನ್ನು ಹಿಡಿದಿಡುವ ಬಟ್ಟಲಿನಂಥ ಭಾಗ, ಸಲೀಸಾಗಿ ಬಂತು. ಬಲಗಡೆಯದು ಅಲ್ಲಾಡಲಿಲ್ಲ. ಸೀಮೆಎಣ್ಣೆ ಬಿಟ್ಟೆ, ಬಿಸಿನೀರು ಸುರಿದೆ, ಪಾನಾಕ್ಕೆ ನಲ್ಲಿ ಪೈಪ್ ಸಿಕ್ಕಿಸಿ ಅದರ ಮೇಲೆ ನಿಂತೆ. ಕೊನೆಗೆ ಫ್ರೇಮನ್ನು ಹೆಗಲ ಮೇಲೆ ಹಾಕಿಕೊಂಡು ಚಾಮುಂಡಿಪುರಂ ಹತ್ತಿರ ಒಂದು ಹಳೇ ಸೈಕಲ್ ಶಾಪಿಗೆ ಹೋದೆ. ಅಲ್ಲಿಯ ಯಜಮಾನರು ‘ಯಾವ ಕಡೆ ತಿರುಗಿಸಿದ್ರಿ?’ ಅಂದರು. ತೋರಿಸಿದೆ. ಬೀಡಿ ಪಕ್ಕಕ್ಕಿಟ್ಟರು. ‘ಪೆಡಲ್‌ಗೆ ಎಡಗಡೆ ತಿರುಪಿನ ಮರೆ ಉಲ್ಟಾ, ಕಪ್ಪಿಗೆ ಬಲಗಡೆ ಉಲ್ಟಾ. ನೀವು ಎರಡು ದಿನದಿಂದ ಬಿಗಿ ಮಾಡ್ತಾ ಇದೀರಿ.’ ನಾನು ಬಿಗಿ ಮಾಡಿದ್ದನ್ನು ಬಿಚ್ಚುವುದಕ್ಕೆ ಅವರಿಗೂ ಅರ್ಧ ಗಂಟೆ ಹಿಡಿಯಿತು. ಅದಕ್ಕೂ ಚಕ್ರದ ಬೆಂಡ್ ತೆಗೆದದ್ದಕ್ಕೂ ಸೇರಿ 800.

ನೋಡಿ, ಈ ಕಪ್ಪಿನ ಕಥೆ ಯಾರೂ ಕೇಳಲ್ಲ. ಹೋಗಲಿ, ಅದು ಬೇಡ. ಚಿಕ್ಕವರಿದ್ದಾಗ ಬೀದಿಗೆ ಯಾರದ್ದಾದರೂ ಸೈಕಲ್ ಬಂದರೆ ನಾವು ಕೇಳುತ್ತಿದ್ದದ್ದು ಒಂದೇ, ‘ಒಂದು ರೌಂಡ್ ಕೊಡ್ತೀಯೇನೋ?’ ಅದರ ರೇಟು ಯಾರಿಗೆ ಬೇಕಿತ್ತು? ಈ ಸೈಕಲ್ ನೋಡಿ ಇಷ್ಟು ಜನ ಇಷ್ಟು ಲೆಕ್ಕ ಹಾಕಿದರಲ್ಲ, ಒಬ್ಬರಾದರೂ ಒಂದು ರೌಂಡ್ ಕೇಳಿದರಾ?

ಕೇಳಿದರು, ಒಬ್ಬರು. ಬೀಗರೂಟದ ಮಾರನೇ ದಿನ ಹಿಂದಿನ ಬ್ರೇಕು ಹಂದಿ ಕಿರುಚಿದ ಹಾಗೆ ಕಿರುಚುತ್ತಿದೆ ಅಂತ ಅದೇ ಶಾಪಿಗೆ ಹೋಗಿದ್ದೆ. ಯಜಮಾನರು ಕೈ ಒರೆಸಿಕೊಂಡು, ‘ಒಂದು ರೌಂಡ್ ನೋಡ್ಲಾ?’ ಅಂದರು. ಪಂಚೆ ಎತ್ತಿ ಕಟ್ಟಿ ಹತ್ತಿ ಹೋದವರು ಇಪ್ಪತ್ತು ನಿಮಿಷ ಬರಲಿಲ್ಲ. ಅಷ್ಟರಲ್ಲಿ ಪಂಕ್ಚರ್‌ಗೆ ಬಂದ ಇಬ್ಬರಿಗೆ ನಾನೇ ಸಮಾಧಾನ ಹೇಳಿ ಕೂರಿಸಿದೆ. ಬಂದವರು ಮಾತಾಡದೆ ಕುಕ್ಕರುಗಾಲಲ್ಲಿ ಕೂತರು. ಜೇಬಿನ ಬೆಂಕಿಪೊಟ್ಟಣದ ಒಂದು ಚೂರು ಹರಿದು, ಬ್ರೇಕ್ ರಬ್ಬರಿನ ಹಿಂತುದಿಗೂ ರಿಮ್ಮಿಗೂ ನಡುವೆ ಸಿಕ್ಕಿಸಿ, ಬ್ರೇಕ್ ಹಿಡಿದುಕೊಂಡೇ ನಟ್ ಬಿಗಿ ಮಾಡಿ, ಚೂರನ್ನು ಎಳೆದು ಬಿಸಾಕಿದರು. ಈಗ ರಬ್ಬರಿನ ಮುಂತುದಿ ಒಂದು ಕೂದಲು ಮೊದಲು ತಾಗುತ್ತದೆ. ಕಿರುಚಾಟ ನಿಂತಿದೆ.

‘ಗಾಡಿ ಚೆನ್ನಾಗೈತೆ. ಸೀಟ್ ಸರಿ ಇಲ್ಲ, ಬೇರೆ ಹಾಕ್ಸಿ’ ಅಂದರು.

ಹಾಕಿಸಲ್ಲ. 550 ಕೊಟ್ಟಿದ್ದೇನೆ.